ಪಳಗಿದ ಕೈ, ಮರೆತ ಕೈ

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಒಂದೇ ಪದಕ್ಕೆ ಮೂರು ಕೆಲಸ. ಮಗು ಶಾಲೆಯಲ್ಲಿ ಮಾಡುವುದು ವಿದ್ಯಾಭ್ಯಾಸ. ಸಂಗೀತಗಾರ ಬೆಳಗಿನ ಜಾವ ಎದ್ದು ಮಾಡುವುದೂ ಅಭ್ಯಾಸ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವುದೂ ಒಂದು ಅಭ್ಯಾಸವೇ. ಓದು, ಸಾಧನೆ, ಚಟ ಮೂರನ್ನೂ ಭಾಷೆ ಒಂದೇ ಬುಟ್ಟಿಯಲ್ಲಿ ಹಾಕಿಟ್ಟಿದೆ. ನಮ್ಮ ಗಾದೆಗೂ ಈ ಗುಟ್ಟು ಗೊತ್ತು: ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ಮೊದಲರ್ಧವನ್ನು ಮಕ್ಕಳಿಗೆ ಹುರುಪು ತುಂಬಲು ಹೇಳುತ್ತೇವೆ, ಉಳಿದರ್ಧವನ್ನು ಬಿಟ್ಟುಬಿಡುತ್ತೇವೆ. ಆದರೆ ಗಾದೆಗೆ ಪೂರ್ತಿ ಅರ್ಥ ಬರುವುದು ಎರಡೂ ಒಟ್ಟಿಗಿದ್ದಾಗ. ಮತ್ತೆ ಮತ್ತೆ ಮಾಡಿದ್ದು ಗಟ್ಟಿಯಾಗುತ್ತದೆ. ಅದು ರಾಗವೋ ರೋಗವೋ ಎಂದು ಪುನರಾವರ್ತನೆ ವಿಚಾರಿಸುವುದಿಲ್ಲ. ಹಾಗಿದ್ದರೆ ಕಲಿಕೆಯಾಗುವ ಅಭ್ಯಾಸಕ್ಕೂ ಬರೀ ರೂಢಿಯಾಗುವ ಅಭ್ಯಾಸಕ್ಕೂ ಏನು ವ್ಯತ್ಯಾಸ? ನಡುವೆ ಕೈಬಿಟ್ಟ ಅಭ್ಯಾಸ ಏನಾಗುತ್ತದೆ?

ಈ ಪ್ರಶ್ನೆಗಳು ನನಗೆ ಎದುರಾದದ್ದು ಗ್ರಂಥಾಲಯದಲ್ಲಲ್ಲ, ಜಲವರ್ಣದ ಹಾಳೆಯ ಮುಂದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆಗಳನ್ನು ಮುಗಿಸಿ, ಪಿಯುಸಿ ಸೇರಿದ ವರ್ಷ ಬಣ್ಣದ ಡಬ್ಬಿ ಮುಚ್ಚಿದ್ದೆ. 11 ವರ್ಷಗಳ ನಂತರ, ಪಿಎಚ್.ಡಿ.ಯ ನಡುವೆ, ಅದನ್ನು ಮತ್ತೆ ತೆರೆದಿದ್ದೇನೆ. ವಾರಕ್ಕೆ ಎರಡು ಸಂಜೆ. ಪ್ರದರ್ಶನಕ್ಕಲ್ಲ, ಮಾರಾಟಕ್ಕಲ್ಲ.

ಜಲವರ್ಣದ ಸ್ವಭಾವವನ್ನು ಸ್ವಲ್ಪ ಹೇಳಬೇಕು. ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಜಾಲಿ ಜಾತಿಯ ಮರದ ಅಂಟಿನಲ್ಲಿ ಕಲಸಿ ಮಾಡಿದ ಬಿಲ್ಲೆ ಇದು. ನೀರಲ್ಲಿ ಕರಗುತ್ತದೆ, ಕಾಗದದ ಮೇಲೆ ತೆಳ್ಳಗೆ, ಪಾರದರ್ಶಕವಾಗಿ ಕೂರುತ್ತದೆ. ಇಲ್ಲಿ ಬಿಳಿ ಎಂದರೆ ಕಾಗದವೇ. ಮೋಡದ ಬೆಳ್ಳಗಿನ ಅಂಚು ಬೇಕಿದ್ದರೆ ಆ ಜಾಗವನ್ನು ಮುಟ್ಟದೆ ಬಿಡಬೇಕು. ತೈಲವರ್ಣದಲ್ಲಿ ಬೇಡವೆನಿಸಿದ್ದರ ಮೇಲೆ ಇನ್ನೊಂದು ಪದರ ಬಳಿದು ಮುಚ್ಚಬಹುದು. ಜಲವರ್ಣದಲ್ಲಿ ಆ ಅನುಕೂಲ ಬಹಳ ಕಡಿಮೆ. ಕೈ ಏನು ಮಾಡಿತೋ ಅದು ಹಾಳೆಯ ಮೇಲೆ ಕಾಣುತ್ತಲೇ ಇರುತ್ತದೆ.

ಮೊದಲ ಪಾಠ ‘ಫ್ಲಾಟ್ ವಾಶ್’, ಅಂದರೆ ಒಂದೇ ಬಣ್ಣವನ್ನು ಒಂದೇ ಹದದಲ್ಲಿ ಹಾಳೆಯುದ್ದಕ್ಕೂ ಹರಡುವುದು. ಹಲಗೆಯನ್ನು ತುಸು ಓರೆಯಾಗಿಡಬೇಕು. ಕುಂಚದ ತುಂಬ ಬಣ್ಣ ತುಂಬಿಕೊಂಡು ಎಡದಿಂದ ಬಲಕ್ಕೆ ಎಳೆದರೆ ಕೆಳ ಅಂಚಿನಲ್ಲಿ ನೀರು ಮಣಿಗಟ್ಟುತ್ತದೆ. ಮುಂದಿನ ಎಳೆ ಆ ಅಂಚನ್ನು ತಾಕುತ್ತಾ ಇಳಿಯಬೇಕು. ಅದು ಒಣಗಿದರೆ ಗೆರೆ ಉಳಿಯುತ್ತದೆ. ಇಷ್ಟೇ ವಿವರಣೆ. ಓದುವುದಕ್ಕೆ ಅರ್ಧ ನಿಮಿಷ ಸಾಕು, ಅರ್ಥವಾಗದಿರುವುದು ಇದರಲ್ಲಿ ಏನೂ ಇಲ್ಲ. ಆದರೂ ಇಪ್ಪತ್ತು ಹಾಳೆ ಮುಗಿದ ಮೇಲೂ ಅದು ಕೈಗೆ ಬಂದಿರುವುದಿಲ್ಲ. ಹಾಗಾದರೆ ಆ ಅರ್ಧ ನಿಮಿಷದಲ್ಲಿ ನಮಗೆ ‘ಗೊತ್ತಾದದ್ದು’ ಏನು?

ಇಂಗ್ಲಿಷ್ ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲಿ ಪ್ರಕಟವಾದ ‘ದ ಕಾನ್ಸೆಪ್ಟ್ ಆಫ್ ಮೈಂಡ್’ ಕೃತಿಯಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತಾನೆ. ಒಂದು ಸಂಗತಿ ಹೀಗಿದೆ ಎಂದು ತಿಳಿದಿರುವುದು ಬೇರೆ, ಒಂದು ಕೆಲಸವನ್ನು ಮಾಡಲು ತಿಳಿದಿರುವುದು ಬೇರೆ; ಎರಡನೆಯದನ್ನು ಮೊದಲನೆಯದಕ್ಕೆ ಇಳಿಸಲಾಗದು ಎಂಬುದು ಅವನ ವಾದ. ಅಲ್ಲೇ ಇನ್ನೊಂದು ಸೂಕ್ಷ್ಮವನ್ನೂ ಗುರುತಿಸುತ್ತಾನೆ. ರೂಢಿಯಲ್ಲಿ ಇಂದಿನ ಕೆಲಸ ನಿನ್ನೆಯದರ ನಕಲಾಗಿರುತ್ತದೆ. ಕಲಿಕೆಯಲ್ಲಿ ಇಂದಿನ ಕೆಲಸವನ್ನು ನಿನ್ನೆಯದು ತಿದ್ದಿರುತ್ತದೆ. ಕತ್ತಲಲ್ಲಿ, ಬಿರುಗಾಳಿಯಲ್ಲಿ, ಹಿಮ ಕಟ್ಟಿದ ಬಂಡೆಯ ಮೇಲೆ ನಡೆಯುವ ಪರ್ವತಾರೋಹಿಯ ಉದಾಹರಣೆ ಕೊಡುತ್ತಾನೆ: ಅವನ ಕಾಲು ಪಳಗಿದ್ದೇನೋ ನಿಜ, ಆದರೆ ಅವನು ಕಣ್ಣುಮುಚ್ಚಿ ನಡೆಯುತ್ತಿಲ್ಲ, ಪ್ರತಿ ಹೆಜ್ಜೆಯಲ್ಲೂ ಎಚ್ಚರವಿದೆ. ಗಾದೆ ಬಿಟ್ಟುಹೋದ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ರಾಗವನ್ನೂ ರೋಗವನ್ನೂ ಬೇರ್ಪಡಿಸುವುದು ಎಷ್ಟು ಸಲ ಮಾಡಿದೆವು ಎಂಬ ಲೆಕ್ಕವಲ್ಲ, ಎಚ್ಚರ.

ಜಲವರ್ಣ ಈ ಎಚ್ಚರವನ್ನು ಬಿಡದೆ ಕೇಳುತ್ತದೆ. ಒದ್ದೆ ಹಾಳೆಗೆ ಒಂದು ಹೊಳಪಿರುತ್ತದೆ. ಆ ಹೊಳಪು ಮಂಕಾಗುವ ಹೊತ್ತಿಗೆ ಇನ್ನೊಂದು ಹನಿ ನೀರು ಬಿದ್ದರೆ ಅದು ಬಣ್ಣವನ್ನು ಹೊರಕ್ಕೆ ತಳ್ಳಿ, ಹೂಕೋಸಿನಂಥ ಕಲೆ ಬಿಡಿಸುತ್ತದೆ. ಎಷ್ಟು ನಿಮಿಷಕ್ಕೆ ಮಂಕಾಗುತ್ತದೆ? ಧಾರವಾಡದಂಥ ಊರಿನಲ್ಲಿ ಜುಲೈನ ಜಿಟಿಜಿಟಿ ಮಳೆಗೆ ಒಂದು ಲೆಕ್ಕ, ಏಪ್ರಿಲ್ ಬಿಸಿಲಿಗೆ ಇನ್ನೊಂದು. ಕಾಗದ ಬದಲಾದರೆ ಮತ್ತೊಂದು. ಯಾವ ಕೋಷ್ಟಕವೂ ಇದನ್ನು ಹೇಳಲಾರದು. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಬೇಕು, ಅಷ್ಟೇ.

ಬಹುಕಾಲದ ನಂತರ ಮರಳಿದವರಿಗೆ ಇನ್ನೊಂದು ಕಷ್ಟವಿದೆ. ಹೊಸಬರಿಗೆ ತಮ್ಮ ಚಿತ್ರದ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಮರಳಿದವರಿಗೆ ಕಾಣುತ್ತದೆ. ನಡುವಿನ ವರ್ಷಗಳಲ್ಲಿ ಕೈ ತುಕ್ಕು ಹಿಡಿದಿರುತ್ತದೆ, ಕಣ್ಣು ಮಾತ್ರ ಬೆಳೆದಿರುತ್ತದೆ: ಒಳ್ಳೆಯ ಚಿತ್ರಗಳನ್ನು ನೋಡಿರುತ್ತೇವೆ, ಬೆಳಕನ್ನು ಗಮನಿಸಿರುತ್ತೇವೆ. ಹದಿನಾರರ ಕೈ ಮಾಡಿದ್ದನ್ನು ಇಪ್ಪತ್ತೇಳರ ಕೈ ಮಾಡಲಾರದು. ಇಪ್ಪತ್ತೇಳರ ಕಣ್ಣಿಗೆ ಹದಿನಾರರ ಚಿತ್ರವೂ ಸಾಲದು. ಮರಳಿ ಬಂದ ಎಷ್ಟೋ ಮಂದಿ ಎರಡನೇ ಸಲ ಬಿಟ್ಟುಬಿಡುವುದು ಈ ಅಂತರವನ್ನು ತಾಳಲಾರದೆ ಇರಬೇಕು.

ಆದರೆ ಈ ಅಂತರವನ್ನೇ ನಾನು ಈಗ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಚಿತ್ರದಲ್ಲಿ ಕಣ್ಣು ಮುಂದೆ, ಕೈ ಹಿಂದೆ. ಸಂಶೋಧನೆಯ ಬರವಣಿಗೆಯಲ್ಲಿ ಇದು ತಲೆಕೆಳಗಾಗುವ ಅಪಾಯವಿದೆ: ಅಲ್ಲಿ ಕೈ ಮುಂದೆ ಓಡಬಲ್ಲದು, ಕಣ್ಣು ಹಿಂದುಳಿಯಬಹುದು. ಪರಿಭಾಷೆ ಒಮ್ಮೆ ರೂಢಿಯಾಯಿತೆಂದರೆ ನೋಡದಿರುವುದರ ಬಗ್ಗೆಯೂ ಐದು ಪುಟ ಸರಾಗವಾಗಿ ಬರೆಯಬಹುದು. ‘ದೇಹದ ಅರಿವು’, ‘ಶ್ರಮದ ಜ್ಞಾನ’ ಎಂದೆಲ್ಲ ಬರೆಯಲು ದೇಹ ದಣಿಯಬೇಕಿಲ್ಲ. ವಾಕ್ಯ ನಯವಾಗಿದ್ದರೆ ಅದರ ಹಿಂದೆ ನೋಟವಿದೆಯೋ ಇಲ್ಲವೋ ಎಂಬುದು ಬೇಗ ಬಯಲಾಗುವುದಿಲ್ಲ. ಒದ್ದೆ ಕಾಗದ ಮಾತ್ರ ಮರುಕ್ಷಣವೇ ಬಯಲು ಮಾಡುತ್ತದೆ. ಹೇಳಬಲ್ಲದ್ದಕ್ಕೂ ಮಾಡಬಲ್ಲದ್ದಕ್ಕೂ ನಡುವಿನ ದೂರವನ್ನು ಕಣ್ಣೆದುರು ಇಡುವ ಯಾವ ಕೆಲಸವೇ ಆದರೂ ಅದೊಂದು ನೈತಿಕ ಶಿಸ್ತು.

ಒಂದು ವಿದ್ಯೆಯಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ಎಳೆಯದೇ ಎಂಬುದಕ್ಕೆ ನಮ್ಮಲ್ಲೇ ಒಬ್ಬ ದೊಡ್ಡ ಸಾಕ್ಷಿ ಇದ್ದಾರೆ. ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. 1920ರ ದಶಕದಲ್ಲಿ ಊಟಿ, ಕೊಡೈಕೆನಾಲ್‌ಗಳ ಮಂಜು, ಮೋಡ, ಬೆಳಕನ್ನು ಜಲವರ್ಣದಲ್ಲಿ ಹಿಡಿದವರು. ಚಿತ್ರಕಾರನಾಗಿ ಹೆಸರು ಮಾಡಿದ ಅವರು ಮೈಸೂರಿನಲ್ಲಿ ವೀಣೆ ಶೇಷಣ್ಣನವರ ಮುಂದೆ ಶಿಷ್ಯನಾಗಿ ಕೂತರು. ಕುಂಚದಲ್ಲಿ ಅಷ್ಟು ಪಳಗಿದ ಬೆರಳುಗಳು ತಂತಿಯ ಮೇಲೆ ಮೊದಲಿನಿಂದ ಶುರುಮಾಡಬೇಕು. ಬೆಳೆದ ಮನುಷ್ಯ ತಾನಾಗಿ ಎಳೆಯನಾಗಲು ಒಪ್ಪುವುದರಲ್ಲಿ ಒಂದು ಘನತೆಯಿದೆ.

ಇನ್ನು ಉಳಿದದ್ದು ಬಿಟ್ಟುಹೋದವರ ಪ್ರಶ್ನೆ. ಅದನ್ನು ಬಹಳ ಹಿಂದೆಯೇ ಅರ್ಜುನ ಕೇಳಿದ್ದಾನೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಕೃಷ್ಣ ಅಭ್ಯಾಸ, ವೈರಾಗ್ಯಗಳ ಮಾತು ಹೇಳಿದ ಕೂಡಲೇ ಅರ್ಜುನನಿಗೆ ಅನುಮಾನ ಹುಟ್ಟುತ್ತದೆ: ಶ್ರದ್ಧೆಯಿಂದ ಶುರುಮಾಡಿ ನಡುವೆ ಜಾರಿದವನ ಗತಿ ಏನು? ಅವನು ಹರಿದ ಮೋಡದಂತೆ ಎಲ್ಲೂ ಸಲ್ಲದೆ ಹೋಗುವನೇ? ಹಾಗಾಗದು, ಹಿಂದಿನ ಅಭ್ಯಾಸವೇ ಅವನನ್ನು ಮುಂದಿನ ಜನ್ಮದಲ್ಲಿ, ಅವನು ಬಯಸದಿದ್ದರೂ, ಎಳೆದುಕೊಂಡು ಹೋಗುತ್ತದೆ ಎಂಬುದು ಕೃಷ್ಣನ ಭರವಸೆ. ಜನ್ಮಾಂತರದ ಮಾತು ನನ್ನ ಅಳವಿನದಲ್ಲ. ಆದರೆ ಒಂದೇ ಜನ್ಮದೊಳಗೆ ಅದು ಸ್ವಲ್ಪ ಮಟ್ಟಿಗೆ ನಿಜವೆಂಬುದಕ್ಕೆ ನನ್ನ ಬಲಗೈ ಸಾಕ್ಷಿ. ವಾಶ್ ಹಾಕುವುದು ಮರೆತುಹೋಗಿತ್ತು. ಆದರೆ ಹಾಳೆಗೆ ತಾಕಿಸುವ ಮುನ್ನ ಕುಂಚವನ್ನು ಲೋಟದ ಅಂಚಿಗೆ ಒಮ್ಮೆ ಒತ್ತಿ ಹೆಚ್ಚಿನ ನೀರು ಇಳಿಸುವುದನ್ನು ಕೈ ಮರೆತಿರಲಿಲ್ಲ. ನಾನು ಹೇಳದೆಯೇ ಅದು ಹಾಗೆ ಮಾಡಿತು.

ಹವ್ಯಾಸವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಹೇಳುವುದು, ಮನಸ್ಸು ಹಗುರಾಗುತ್ತದೆ, ಮರುದಿನ ಕೆಲಸ ಚೆನ್ನಾಗಿ ಆಗುತ್ತದೆ ಎಂದು. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಡಬೇಕಾದವರಿಗೆ ಆ ಸಮರ್ಥನೆ ಅನುಕೂಲವೇ. ಆದರೆ ಅದು ಹವ್ಯಾಸವನ್ನು ಕೆಲಸದ ಆಳಾಗಿ ಮಾಡುತ್ತದೆ. ಜೊತೆಗೆ, ಜಲವರ್ಣ ಮನಸ್ಸನ್ನು ಯಾವಾಗಲೂ ಹಗುರಮಾಡುವುದೂ ಇಲ್ಲ. ಇದಕ್ಕೆ ಎದುರಾಗಿ, ಕೈಯ ಅರಿವನ್ನು ಹಾಡಿ ಹೊಗಳುವುದೂ ನಮ್ಮಂಥವರಿಗೆ ಸುಲಭ. ನಮ್ಮ ಊರುಗಳಲ್ಲಿ ಅಂಗಡಿಯ ಬೋರ್ಡು ಬರೆಯುತ್ತಿದ್ದವರ ಕೈ ನಮ್ಮೆಲ್ಲರಿಗಿಂತ ಪಳಗಿತ್ತು. ಫ್ಲೆಕ್ಸ್ ಬಂದ ಮೇಲೆ ಅವರಲ್ಲಿ ಬಹಳ ಮಂದಿಯ ಕೆಲಸವೇ ಹೋಯಿತು. ಮಾಡದಿದ್ದರೂ ಊಟಕ್ಕೆ ತೊಂದರೆಯಾಗದವರ ಅಭ್ಯಾಸ ನನ್ನದು. ಅದನ್ನು ನೆನಪಿಟ್ಟುಕೊಂಡೇ ಮಾತಾಡಬೇಕು.

ಇಷ್ಟೆಲ್ಲ ಕಳೆದ ಮೇಲೂ ಒಂದು ಉಳಿಯುತ್ತದೆ. ಯಾರೂ ಕೇಳದ, ಯಾರೂ ಕಾಯದ ಕೆಲಸವನ್ನು ಎಚ್ಚರದಿಂದ ಮಾಡುವಾಗ, ಆ ಎಚ್ಚರವೇ ಮೆಲ್ಲನೆ ಅಭ್ಯಾಸವಾಗುತ್ತದೆ. ಪ್ರಬಂಧದ ಅಧ್ಯಾಯ ಬರೆಯುವಾಗ ಒಂದು ವಾಕ್ಯ ತೀರ ಸಲೀಸಾಗಿ ಬಂದರೆ ಈಚೆಗೆ ಅಲ್ಲಿ ನಿಂತು ಕೇಳಿಕೊಳ್ಳುತ್ತೇನೆ: ಇದನ್ನು ನಾನು ನೋಡಿದ್ದೇನೆಯೇ, ಇಲ್ಲ, ಬರಿದೆ ಹೇಳಬಲ್ಲೆನೇ?