ಪಾದ್ರಿ ಬಾರದ ಭಾನುವಾರ

ಗುಡಿ ಪೂಜಾರಿಯದೋ, ಊರವರದೋ?

ನಮ್ಮ ಆದೋನಿಯಿಂದ ಪೂರ್ವಕ್ಕೆ, ನಂದ್ಯಾಲ ಸೀಮೆಯ ಹಳ್ಳಿಗಳಲ್ಲಿ ಆಂಗ್ಲಿಕನ್ ಮಿಷನ್ನಿನವರ ಕಾಲದ ಸಣ್ಣ ಸಣ್ಣ ಚರ್ಚುಗಳಿವೆ. 1975ರಲ್ಲಿ ಇವು ದಕ್ಷಿಣ ಭಾರತ ಸಭೆಗೆ ಸೇರಿದವು. ಹಲವು ಹಳ್ಳಿಗೆ ಒಬ್ಬರೇ ಪಾದ್ರಿ. ರೊಟ್ಟಿ, ದ್ರಾಕ್ಷಾರಸದ ಪ್ರಸಾದ ಅವರು ಬಂದ ದಿನ ಮಾತ್ರ. ಉಳಿದ ಭಾನುವಾರ ಊರವರೇ ಬೈಬಲ್ ಓದಿ, ಹಾಡಿ, ಪ್ರಾರ್ಥನೆ ಮಾಡ್ತಾರೆ.

ಒಮ್ಮೆ ಎತ್ತು ನೋಡಲು ಆ ಕಡೆ ಹೋದವನು, ಪದ ಕೇಳಿ ಅಂಥದೊಂದು ಚರ್ಚಿನ ಬಾಗಿಲಲ್ಲಿ ನಿಂತೆ. ಪಾದ್ರಿ ಇರಲಿಲ್ಲ. ಕೂಲಿ ಮಾಡೋ ಮುದುಕಿಯೊಬ್ಬಳು ತಾಳ ಹಿಡಿದು ತೆಲುಗಿನಲ್ಲಿ ಹಾಡುತ್ತಿದ್ದಳು. ಎಲ್ಲರೂ ಹಿಂದೆ ದನಿಗೂಡಿಸುತ್ತಿದ್ದರು. ನನ್ನ ಕಂಡು ಒಳಗೆ ಬಾ ಅಂತ ಕೈ ಮಾಡಿದಳು. ಹೋಗಲಾರದೆ ನಿಂತೆ. ಅದು ಊರ ಹೊರಗಿನ ಕೇರಿ. ನಮ್ಮೂರ ಅಂಥ ಕೇರಿಯವರನ್ನು ನಮ್ಮ ಭಜನೆಗೆ ನಾವು ಎಂದೂ ಒಳಗೆ ಕರೆದವರಲ್ಲ. ಆ ನಾಚಿಕೆ ಕಾಲು ಹಿಡಿಯಿತು.

ಹಾರ್ಮೋನಿಯಂ ಬಾರಿಸುತ್ತಿದ್ದವರು ತೀರಿಕೊಂಡ ಮೇಲೆ ನಮ್ಮ ಸೋಮವಾರದ ಭಜನೆ ನಿಂತಿತ್ತು. ಬಾರಿಸೋರಿಲ್ಲ ಅಂತ ನೆವ ಹೇಳಿದವನು ನಾನೇ. ಪೂಜಾರಿ ಬೇಕು, ನಿಜ. ಆದರೆ ಅವನು ಬರೋತನಕ ದೀಪ ಕಾಯೋರು ಊರವರೇ ಅಲ್ಲವೇ?

ಬರೋ ಸೋಮವಾರ ತಾಳ ಹಿಡಿದು ಕೂಡುತ್ತೇನೆ. ಹೊರಗೆ ನಿಂತವರನ್ನು ಮೊದಲು ಒಳಗೆ ಕರೆದೇ ಪದ ಎತ್ತುತ್ತೇನೆ. ಮನೆಯಲ್ಲಿ, ಊರಲ್ಲಿ ಮಾತು ಬರುತ್ತದೆ, ಬರಲಿ.