ಉಡುಗೊರೆಗೆ ಹೊದಿಕೆ ಏಕೆ?



ಕ್ರಿಸ್ತಜಯಂತಿಯ ಮರುದಿನ ನಮ್ಮ ಮನೆಗಳ ಹಿತ್ತಲಲ್ಲಿ ಏನು ಉರಿಯುತ್ತದೆ ಎಂದು ಒಮ್ಮೆ ನೋಡೋಣ. ಹಿಂದಿನ ದಿನ ಹಂಚಿಕೊಂಡ ಉಡುಗೊರೆಗಳ ಮಿರಿಮಿರಿ ಕಾಗದ. ಅಂಗಡಿಯಿಂದ ತಂದು, ಟೇಪು ಅಂಟಿಸಿ, ಒಂದೇ ಸಲಕ್ಕೆ ಹರಿದುಹಾಕಿದ್ದು. ಹೊಳಪಿಗಾಗಿ ಅನೇಕ ಕಾಗದಗಳಿಗೆ ಪ್ಲಾಸ್ಟಿಕ್ ಪೊರೆ ಹಚ್ಚಿರುತ್ತಾರೆ. ಅದನ್ನು ಹಳೇ ಪೇಪರಿನವರು ಕೊಳ್ಳುವುದಿಲ್ಲ, ಅದು ತಿಪ್ಪೆಯಲ್ಲಿ ಕೊಳೆಯುವುದೂ ಇಲ್ಲ. ಸಿಹಿತಿಂಡಿ ಡಬ್ಬಿ, ಆಹ್ವಾನ ಪತ್ರಿಕೆಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಉಡುಗೊರೆ ಕಾಗದದ ಹೆಸರು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಇದನ್ನು ನಮ್ಮ ಮನಸ್ಸಾಕ್ಷಿಯೇ ತೀರ್ಮಾನಿಸಬೇಕು.

ಕಾಗದ ಬೇಡ ಎನ್ನುವುದು ಸುಲಭ. ಹೊದಿಕೆಯೇ ಬೇಡವೇ?

ರೊದ್ದಂ ಕಡೆಯ ಮದುವೆಗೆ ಹೋದವರಿಗೆ ಗೊತ್ತು. ಕನ್ನಡದ ಮನೆಯಲ್ಲಿ ಮುಯ್ಯಿ, ತೆಲುಗಿನ ಮನೆಯಲ್ಲಿ ಚದಿವಿಂಪುಲು. ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆಯುತ್ತಾರೆ, ಕೆಲವು ಕಡೆ ಮೈಕಿನಲ್ಲಿ ಕೂಗಿಯೂ ಹೇಳುತ್ತಾರೆ. ತೆಲುಗಿನ ಆ ಮಾತಿಗೆ ಓದಿಸುವುದು ಎಂದೇ ಅರ್ಥ. ಇಂದು ಪಡೆದದ್ದನ್ನು ನಾಳೆ ತೀರಿಸಬೇಕಾದ್ದರಿಂದ ಲೆಕ್ಕ ಬೇಕು, ಅದರಲ್ಲಿ ನಮಗೆ ತಪ್ಪು ಕಾಣುವುದಿಲ್ಲ. ಎಷ್ಟೋ ಬಡವರ ಮದುವೆ ನಡೆದಿರುವುದೇ ಮುಯ್ಯಿಯಿಂದ. ಆದರೆ ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ನೂರು ರೂಪಾಯಿ ಹಿಡಿದು ಬಂದ ಕೂಲಿಯವರ ಹೆಸರನ್ನು ಐದು ಸಾವಿರದವರ ಹೆಸರಿನ ಹಿಂದೆಯೇ ಕೂಗಿದಾಗ ಅವರ ಮುಖ ಹೇಗಾಗುತ್ತದೆಂದು ನೋಡಿದ್ದೇವೆ. ಅಂಥವರ ಮಾನ ಉಳಿಸುವುದು ಹೊದಿಕೆ. ಸ್ಟೀಲ್ ಲೋಟವೋ ಬೆಳ್ಳಿ ಲೋಟವೋ, ಸುತ್ತಿಟ್ಟಾಗ ಎರಡೂ ಒಂದೇ. ಬಲಗೈ ಎಡಗೈಗಳ ಕುರಿತು ಯೇಸುಸ್ವಾಮಿ ಹೇಳಿದ್ದು ಇಲ್ಲಿ ನೆನಪಾಗುತ್ತದೆ.

ಹೊದಿಕೆ ಇರಲಿ, ಅದು ಬಟ್ಟೆಯದಾಗಲಿ ಎನ್ನುವುದು ನಮ್ಮ ಅಭಿಪ್ರಾಯ. ಇದು ಹೊಸದೇನಲ್ಲ. ಗೋದಲಿಯ ಕಂದನನ್ನು ತಾಯಿ ಸುತ್ತಿದ್ದೂ ಬಟ್ಟೆಯಲ್ಲೇ ಎಂದು ಸಂತ ಲೂಕರು ಬರೆದಿದ್ದಾರೆ. ಜಪಾನಿನವರು ಚೌಕದ ಬಟ್ಟೆಯಲ್ಲಿ ಗಂಟುಕಟ್ಟಿ ಕೊಡುತ್ತಾರೆ. ಅದರ ಹೆಸರು ಫುರೊಶಿಕಿ. ನಮ್ಮಲ್ಲಿ ರವಿಕೆ ಕಣ ಇದೆಯಲ್ಲ! ಹೊಲಿಸದೆ ಮನೆಯಿಂದ ಮನೆಗೆ ಸುತ್ತಿ, ವರ್ಷದ ಮೇಲೆ ನಮ್ಮ ಮನೆಗೇ ಬಂದು ಸೇರಿದ ಕಣವನ್ನು ಕಂಡು ನಾವೆಲ್ಲ ನಕ್ಕವರೇ. ಅದೇ ಬಟ್ಟೆಯಲ್ಲಿ ಉಡುಗೊರೆ ಕಟ್ಟಿಕೊಟ್ಟರೆ ಆ ಸುತ್ತಾಟಕ್ಕೂ ಒಂದು ಅರ್ಥ ಬರುತ್ತದೆ. ಹಳೆಯ ಸೀರೆಯ ತುಂಡು, ಹತ್ತಿಯ ಟವೆಲ್, ಬಾಳೆ ನಾರು ಇದ್ದರೆ ಸಾಕು. ತಿಂಡಿ ಕಳಿಸುವುದಾದರೆ ಮುಚ್ಚಳದ ಡಬ್ಬಿ. ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅಜ್ಜಿಯರು ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರು.

ಒಂದು ಅಂಜಿಕೆಯೂ ಇದೆ. ಬಟ್ಟೆಯ ಹೊದಿಕೆ ಫ್ಯಾಶನ್ ಆದರೆ ಅದಕ್ಕೂ ಧರ್ಮಾವರಂ ರೇಷ್ಮೆ ಹುಡುಕುವವರು ಹುಟ್ಟಿಕೊಳ್ಳುತ್ತಾರೆ. ಹತ್ತು ರೂಪಾಯಿಯ ಕಾಗದ ಸುತ್ತಿ ತಂದ ಮಗು ಮತ್ತೆ ತಲೆತಗ್ಗಿಸುತ್ತದೆ. ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸೀ' ವಿಶ್ವಪತ್ರದ 211ನೇ ಪರಿಚ್ಛೇದದಲ್ಲಿ, ವಸ್ತುವನ್ನು ಎಸೆಯದೆ ಮತ್ತೆ ಬಳಸುವುದೂ ಪ್ರೀತಿಯ ಕೆಲಸವಾಗಬಲ್ಲದು ಎನ್ನುತ್ತಾ, ಉದ್ದೇಶ ಸರಿಯಿದ್ದರೆ ಎಂಬ ಮಾತನ್ನೂ ಸೇರಿಸಿದ್ದಾರೆ. ಕಾಗದ ತಂದವರನ್ನು ನಾಚಿಸುವುದು ಆ ಉದ್ದೇಶವಾಗಲಾರದು.

ಈ ಆಗಮನ ಕಾಲದಲ್ಲಿ ಗೋದಲಿಯ ಪಕ್ಕ ಒಂದು ಬುಟ್ಟಿ ಇಡೋಣ. ಒಗೆದು ಮಡಿಸಿದ ಬಟ್ಟೆ ಇದ್ದವರು ಹಾಕಲಿ, ಬೇಕಾದವರು ಯಾರನ್ನೂ ಕೇಳದೆ ತೆಗೆದುಕೊಳ್ಳಲಿ. ಯಾರು ಎಷ್ಟು ಹಾಕಿದರೆಂದು ಬರೆಯುವ ಪುಸ್ತಕ ಮಾತ್ರ ಅಲ್ಲಿ ಬೇಡ.