ಪ್ಲ್ಯಾನ್ ಕೇಳುವ ಮುನ್ನ

ಪದವಿಯ ಎರಡನೇ ವರ್ಷಕ್ಕೆ ಕಾಲಿಟ್ಟವರಿಗೆ ಎಲ್ಲ ಕಡೆಯಿಂದ ಎದುರಾಗುವ ಪ್ರಶ್ನೆ ಒಂದೇ: ‘ಮುಂದೇನು ಪ್ಲ್ಯಾನ್?’ ಮೊದಲ ವರ್ಷದವರಿಗೆ ಹೊಸಬರೆಂಬ ರಿಯಾಯಿತಿ ಇರುತ್ತದೆ. ಕೊನೆಯ ವರ್ಷದವರಿಗೆ ಪ್ಲೇಸ್‌ಮೆಂಟ್, ಪ್ರವೇಶ ಪರೀಕ್ಷೆಗಳ ಗಡಿಬಿಡಿಯೇ ದಾರಿ ತೋರಿಸುತ್ತದೆ. ನಡುವಿನವರನ್ನು ಮಾತ್ರ ಯಾರೂ ಸರಿಯಾಗಿ ಗಮನಿಸುವುದಿಲ್ಲ, ಆದರೆ ಎಲ್ಲರೂ ಪ್ರಶ್ನಿಸುತ್ತಾರೆ. ‘ಇನ್ನೂ ಯೋಚಿಸಿಲ್ಲ’ ಎಂಬ ಉತ್ತರ ಬಂದರೆ ಕೇಳಿದವರ ಮುಖದಲ್ಲಿ ಸಣ್ಣದೊಂದು ತೀರ್ಪು ಮೂಡುತ್ತದೆ. ಯೋಜನೆ ಇಲ್ಲದಿರುವುದು ಬೇಜವಾಬ್ದಾರಿ ಎಂಬ ತೀರ್ಪು ಅದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಯೋಜನೆ ಇಲ್ಲದಿರುವುದು ನಿಜಕ್ಕೂ ಒಂದು ನೈತಿಕ ಕೊರತೆಯೇ?

ಅಮರ್ತ್ಯ ಸೇನ್ 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನೀಡಿದ ಉಪನ್ಯಾಸದ ಪ್ರಶ್ನೆ ‘ಯಾವುದರ ಸಮಾನತೆ?’ ಎಂಬುದು. ವಸ್ತುಗಳನ್ನು ಸಮನಾಗಿ ಹಂಚಿದರೆ ಸಾಲದು, ಆ ವಸ್ತುಗಳಿಂದ ಯಾರು ಏನು ಮಾಡಬಲ್ಲರು ಎಂಬುದನ್ನು ನೋಡಬೇಕು ಎಂಬುದು ಅವರ ವಾದದ ತಿರುಳು. ಇದನ್ನು ನಮ್ಮ ಕಾಲೇಜುಗಳಿಗೆ ಅನ್ವಯಿಸಿ ನೋಡೋಣ. ಗ್ರಂಥಾಲಯ ಎಲ್ಲರಿಗೂ ತೆರೆದಿದೆ. ಸದಸ್ಯತ್ವ ಪಡೆದ ಕಾಲೇಜುಗಳಲ್ಲಿ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಮೂಲಕ ಸಾವಿರಾರು ನಿಯತಕಾಲಿಕೆಗಳನ್ನು ವಿದ್ಯಾರ್ಥಿಗಳೂ ಓದಬಹುದು. ಸ್ವಯಂ ಪೋರ್ಟಲ್‌ನಲ್ಲಿ ಕೋರ್ಸುಗಳಿವೆ, ವಿದ್ಯಾರ್ಥಿವೇತನಕ್ಕೆ ರಾಜ್ಯದ್ದೇ ಪೋರ್ಟಲ್ ಇದೆ, ಮೆಂಟರ್ ಪಟ್ಟಿ ನೋಟಿಸ್ ಬೋರ್ಡಿನಲ್ಲಿದೆ. ಕಾಗದದ ಮೇಲೆ ಎಲ್ಲರೂ ಸಮಾನರು. ಆದರೆ ಲಾಗಿನ್ ಬೇಕೆಂದು ಗ್ರಂಥಪಾಲಕರನ್ನು ಕೇಳಬಹುದು ಎಂಬುದೇ ಒಬ್ಬಳಿಗೆ ಗೊತ್ತಿಲ್ಲದಿದ್ದರೆ, ಆ ನಿಯತಕಾಲಿಕೆಗಳು ಅವಳ ಪಾಲಿಗೆ ಇಲ್ಲವೆಂದೇ ಲೆಕ್ಕ.

ಈ ತಿಳಿವಳಿಕೆ ಹೆಚ್ಚಾಗಿ ಬರುವುದು ಮನೆಯಿಂದ. ಅಕ್ಕ ಎಂ.ಎ. ಮಾಡಿದ್ದರೆ, ಚಿಕ್ಕಪ್ಪ ಉಪನ್ಯಾಸಕರಾಗಿದ್ದರೆ, ಊಟದ ಹೊತ್ತಿನ ಮಾತಿನಲ್ಲೇ ಅರ್ಧ ಯೋಜನೆ ಸಿದ್ಧವಾಗಿಬಿಡುತ್ತದೆ. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವಳಿಗೆ ಆ ಊಟದ ಮಾತು ಸಿಗುವುದಿಲ್ಲ. ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಹಿಂಜರಿದು ನಿಂತರೆ ನಮಗೆ ಅದು ನಿರಾಸಕ್ತಿಯಂತೆ ಕಾಣುತ್ತದೆ. ಯೋಜನೆಯನ್ನು ನೋಡಿ ವ್ಯಕ್ತಿತ್ವವನ್ನು ಅಳೆಯುತ್ತಿದ್ದೇವೆ ಅಂದುಕೊಂಡು, ನಾವು ಅಳೆಯುತ್ತಿರುವುದು ಬಹುಮಟ್ಟಿಗೆ ಅವಳ ಮನೆಯನ್ನು.

ಯೋಜನೆ ಕೇಳುವ ವ್ಯವಸ್ಥೆಯಾದರೂ ತನ್ನ ಯೋಜನೆಗೆ ಎಷ್ಟು ನಿಷ್ಠವಾಗಿದೆ? ಕರ್ನಾಟಕ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದು ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಪರಿಚಯಿಸಿತು. ಎರಡು ವರ್ಷ ಓದಿ ಬಿಟ್ಟರೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದಿತು. ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ಮಧ್ಯಂತರ ವರದಿ ಕೊಟ್ಟಿತು, 2024–25ರಿಂದ ಮತ್ತೆ ಮೂರು ವರ್ಷದ ಪದವಿ ಬಂತು. ಯಾವ ನೀತಿ ಉತ್ತಮ ಎಂಬುದು ಬೇರೆ ಚರ್ಚೆ. ಒಂದು ಸರ್ಕಾರ ಯೋಚಿಸಿ ಮನಸ್ಸು ಬದಲಿಸಿದರೆ ಅದನ್ನು ಸುಧಾರಣೆ ಎನ್ನುತ್ತೇವೆ, ಒಬ್ಬ ವಿದ್ಯಾರ್ಥಿ ಮನಸ್ಸು ಬದಲಿಸಿದರೆ ಚಂಚಲತೆ ಎನ್ನುತ್ತೇವೆ. ಈ ಎರಡಳತೆ ನ್ಯಾಯವಲ್ಲ.

ಇನ್ನೂ ಆಳದ ತೊಡಕೊಂದಿದೆ. ತತ್ತ್ವಶಾಸ್ತ್ರಜ್ಞೆ ಎಲ್. ಎ. ಪಾಲ್ 2014ರ ತಮ್ಮ ಪುಸ್ತಕದಲ್ಲಿ ಹೇಳುವಂತೆ, ಕೆಲವು ಅನುಭವಗಳು ನಮ್ಮ ಇಷ್ಟಾನಿಷ್ಟಗಳನ್ನೇ ಬದಲಿಸಿಬಿಡುತ್ತವೆ. ಅನುಭವಿಸುವ ಮುನ್ನ ಅದು ನಮಗೆ ಹಿಡಿಸುವುದೋ ಇಲ್ಲವೋ ಎಂದು ಲೆಕ್ಕ ಹಾಕಲಾಗದು. ಒಳ್ಳೆಯ ಶಿಕ್ಷಣ ಅಂಥದ್ದೇ. ಓದಿ ಬದಲಾಗಲೆಂದೇ ಕಾಲೇಜಿಗೆ ಕಳಿಸಿ, ಬದಲಾದ ಮೇಲೆ ಏನಾಗಬಯಸುತ್ತೀಯೆಂದು ಈಗಲೇ ಹೇಳು ಎನ್ನುವುದರಲ್ಲಿ ವಿರೋಧಾಭಾಸವಿದೆ.

ಹಾಗಾದರೆ ವಿದ್ಯಾರ್ಥಿಗೆ ಯಾವ ಜವಾಬ್ದಾರಿಯೂ ಇಲ್ಲವೇ? ಇದೆ. ‘ನಾನು ಯಾರಾಗುವೆನೋ ಗೊತ್ತಿಲ್ಲ’ ಎಂಬುದು ನಿಜವಾದರೆ, ಆ ಇನ್ನೂ ಗೊತ್ತಿಲ್ಲದ ವ್ಯಕ್ತಿಯ ಬಾಗಿಲುಗಳನ್ನು ಮುಚ್ಚುವ ಹಕ್ಕು ನನಗೆಷ್ಟಿದೆ ಎಂಬ ಪ್ರಶ್ನೆ ತಕ್ಷಣ ಏಳುತ್ತದೆ. ಕೆಲವು ಬಾಗಿಲು ಸದ್ದಿಲ್ಲದೆ ಮುಚ್ಚುತ್ತವೆ. ಬಿ.ಎಡ್. ಸೇರಲು ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಕನಿಷ್ಠ ಶೇ. 50 ಅಂಕ ಬೇಕು. ಎರಡನೇ ವರ್ಷದ ಅಂಕಗಳೂ ಅದರಲ್ಲಿ ಸೇರುತ್ತವೆ. ಹಲವು ಸ್ನಾತಕೋತ್ತರ ಕೋರ್ಸುಗಳಿಗೆ ಆ ವಿಷಯವನ್ನು ಪದವಿಯಲ್ಲಿ ಓದಿರಬೇಕು. ವಿದ್ಯಾರ್ಥಿವೇತನದ ನವೀಕರಣಕ್ಕೆ ಕೊನೆಯ ದಿನಾಂಕವಿದೆ. ಇನ್ನು ಕೆಲವು ಬಾಗಿಲು ಪದವಿಯ ನಂತರವೂ ತೆರೆದೇ ಇರುತ್ತವೆ: ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಯಾವುದೇ ವಿಷಯದ ಪದವಿ ಸಾಕು. ಯಾವ ಬಾಗಿಲು ಈ ವರ್ಷವೇ ಮುಚ್ಚುತ್ತದೆ, ಯಾವುದು ಕಾಯುತ್ತದೆ ಎಂದು ತಿಳಿದಿರುವುದೇ ಹತ್ತೊಂಬತ್ತರ ವಯಸ್ಸಿಗೆ ಸಾಕಾದ ಯೋಜನೆ. ಹೋಗಬೇಕಾದ ಊರು ಗೊತ್ತಿಲ್ಲದಿದ್ದರೂ ಕೊನೆಯ ಬಸ್ಸಿನ ಹೊತ್ತು ಗೊತ್ತಿರಬೇಕು.

ಆದರೆ ಎಲ್ಲ ಬಾಗಿಲನ್ನೂ ತೆರೆದಿಟ್ಟುಕೊಂಡು ಹೊಸ್ತಿಲಲ್ಲೇ ನಿಲ್ಲುವುದೂ ತಪ್ಪಿಸಿಕೊಳ್ಳುವ ಒಂದು ಬಗೆ. ಅದಕ್ಕೆ ಮದ್ದು ದೊಡ್ಡ ನಿರ್ಧಾರವಲ್ಲ, ಸಣ್ಣ ಪ್ರಯೋಗ. ಪಠ್ಯದಾಚೆಯ ಒಂದು ಪುಸ್ತಕವನ್ನು ಕೊನೆಯವರೆಗೆ ಓದುವುದು, ಒಂದು ಉಚಿತ ಕೋರ್ಸು ಮುಗಿಸುವುದು, ಒಬ್ಬ ಅಧ್ಯಾಪಕರಲ್ಲಿ ಹೋಗಿ ಒಂದು ನಿಜವಾದ ಪ್ರಶ್ನೆ ಕೇಳುವುದು. ಇವು ಹಿಡಿಸದಿದ್ದರೆ ಹೆಚ್ಚೇನೂ ನಷ್ಟವಿಲ್ಲ, ಹಿಡಿಸಿದರೆ ಮುಂದಿನ ಹೆಜ್ಜೆ ತಾನೇ ಕಾಣುತ್ತದೆ.

ಸಂಸ್ಥೆಯ ಪಾಲು ಇದಕ್ಕಿಂತ ಭಾರದ್ದು. ಬಾಗಿಲು ಮುಚ್ಚುವ ಮುನ್ನ ಹೇಳಬೇಕು. ಇಂಗ್ಲಿಷ್ ಸುತ್ತೋಲೆಯನ್ನು ಬೋರ್ಡಿಗೆ ಅಂಟಿಸಿದರೆ ಹೇಳಿದಂತಾಗುವುದಿಲ್ಲ. ತರಗತಿಯಲ್ಲಿ ನಿಂತು, ಕನ್ನಡದಲ್ಲಿ, ಹಿಂದಿನ ಬೆಂಚಿಗೂ ಕೇಳುವಂತೆ ಹೇಳಬೇಕು. ಮಾರ್ಗದರ್ಶನಕ್ಕೆ ಮುಂದಿನ ವರ್ಷವೂ ಇರುವ ಮನುಷ್ಯ ಬೇಕು. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲನ್ನು ಹೊತ್ತಿರುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ತಮ್ಮ ಕೆಲಸವೇ ಇರುತ್ತದೆಯೋ ಇಲ್ಲವೋ ತಿಳಿಯದು. ತಮ್ಮ ನಾಳೆಯೇ ತೂಗುಯ್ಯಾಲೆಯಲ್ಲಿರುವವರು ಇನ್ನೊಬ್ಬರ ನಾಳೆಯನ್ನು ಹೇಗೆ ಕೈಹಿಡಿದು ನಡೆಸಬಲ್ಲರು?

‘ಮುಂದೇನು ಪ್ಲ್ಯಾನ್?’ ಎಂದು ಕೇಳಬಾರದೆಂದಲ್ಲ. ಕೇಳುವುದೂ ಒಂದು ಹೊಣೆ ಎಂದು ತಿಳಿದು ಕೇಳಬೇಕು. ‘ಗೊತ್ತಿಲ್ಲ’ ಎಂಬ ಉತ್ತರ ಬಂದಾಗ ತೀರ್ಪು ಕೊಡುವ ಬದಲು ‘ಬಾ, ಕೂತು ನೋಡೋಣ’ ಎನ್ನಲು ಅರ್ಧ ಗಂಟೆ ಬಿಡುವಿಲ್ಲದವರಿಗೆ ಆ ಪ್ರಶ್ನೆಯ ಹಕ್ಕೂ ಇಲ್ಲ.